ಹನ್ನೊಂದು ಪುಟದ ಸಾಕ್ಷ್ಯ

ದೂರದ ಊರಿನ ಹೆಂಗಸೊಬ್ಬಳು ತಮ್ಮ ಮೇಲೆ ದೂರು ಕೊಟ್ಟಳಲ್ಲ ಎಂಬ ಸಂಕಟಕ್ಕೆ ಗೊಟ್ಲೋಬ್ ರಾಪ್ ಅವರಿಗೆ ಆ ದಿನ ಬೆಳಗಿನ ಬ್ರೆಡ್ಡು ರುಚಿಸಲೇ ಇಲ್ಲ. (ನಾಲ್ಕೇ ತಿಂದರು.)

ಕೆಲಸದಿಂದ ನಿವೃತ್ತರಾದ ಮೇಲೆ ಅವರು ಟುಟ್ಲಿಂಗೆನ್ ಊರಿನ ತಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಕೂತು, ಹಳೆಯ ಕಾಫಿ ಗಿರಣಿಗಳನ್ನು ರಿಪೇರಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದರು. ಈವರೆಗೆ ಮುನ್ನೂರ ಹನ್ನೆರಡು ಗಿರಾಕಿಗಳು. ಒಬ್ಬರೂ ಬಿಡದೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಅಂಗಡಿಯ ಹೆಸರಿನ ಪಕ್ಕದಲ್ಲಿ 'ನೂರಕ್ಕೆ ನೂರು' ಎಂಬ ಬಿರುದು ಝಗಝಗಿಸುತ್ತಿತ್ತು. ಈಗ ಹೂಸುಮ್ ಊರಿನ ವೀಬ್ಕೆ ಟಾಮ್ಸೆನ್ ಎಂಬಾಕೆ, ಗಿರಣಿ ಬಂದೇ ಇಲ್ಲ, ಹಣ ವಾಪಸು ಕೊಡಿಸಿ ಎಂದು ಪಾವತಿ ಕಂಪನಿಗೆ ಬರೆದಿದ್ದಳು. ಹತ್ತು ದಿನದೊಳಗೆ ಸಾಕ್ಷ್ಯ ಕೊಡಿ ಎಂದು ಕಂಪನಿ ಕೇಳಿತ್ತು. ಸೋತರೆ ಆಕೆ ಕೊಡುವುದು ಒಂದೇ ನಕ್ಷತ್ರ. ಅಲ್ಲಿಗೆ ಬಿರುದು ಬಾವುಟ ಎಲ್ಲ ಮಣ್ಣುಪಾಲು.

"ಪಾಪ, ನಿಜವಾಗ್ಲೂ ಬಂದಿಲ್ವೇನೋ ರೀ. ಒಂದ್ ಫೋನ್ ಮಾಡಿ ಕೇಳಬಾರ್ದಾ?" ಎಂದರು ಹೆಂಡತಿ ಹನ್ನೆಲೋರೆ.

"ಕೇಳೋದೇನು ಮಣ್ಣು! ನೋಡಿಲ್ಲಿ, 'ತಲುಪಿಸಲಾಗಿದೆ, ನೆರೆಮನೆಯವರು ಪಡೆದಿದ್ದಾರೆ' ಅಂತ ಕಾಣಿಸ್ತಿದೆ. ಪಕ್ಕದ ಮನೆಗೆ ಹೋಗಿ ಇಸ್ಕೊಳ್ಳೋಕೂ ಸೋಮಾರಿತನ ಆ ಯಮ್ಮಂಗೆ."

"ನೀವೇನು ಕಮ್ಮಿನಾ? ನಮ್ಮ ಬಾಗಿಲಿಗೂ ಅಂಚೆಯೋನು ಚೀಟಿ ಅಂಟಿಸಿ ಎರಡು ವಾರ ಆಯ್ತು, ಪಾರ್ಸೆಲ್ ಕೆಳಗಿನ ಮನೇಲಿದೆ ಅಂತ. ಹೋದ್ರಾ?"

"ಆ ಬಾಯರ್ಲೆ ಮನೆ ಹೊಸ್ತಿಲು ನಾನು ತುಳಿಯಲ್ಲ, ನೀನೂ ತುಳಿಯೋ ಹಾಗಿಲ್ಲ! ನಾನೇನೂ ತರಿಸಿಲ್ಲ, ಯಾವ್ದೋ ಜಾಹೀರಾತು ಇರುತ್ತೆ."

ಶ್ರೀಮತಿ ಬಾಯರ್ಲೆ ಮಾಡಿದ ಅಪರಾಧ ಸಣ್ಣದೇನಲ್ಲ. ಆ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಯಾರ ಬಾಗಿಲಿಗೆ ಸರದಿಯ ಹಲಗೆ ತೂಗುತ್ತದೋ ಆ ವಾರ ಅವರ ಕೈಗೆ ಪೊರಕೆ. ಗೊಟ್ಲೋಬ್ ಅವರು ನಡುವೆ ಮಾತ್ರ ಗುಡಿಸಿ ಮೂಲೆಗಳನ್ನು ದೇವರಿಗೆ ಬಿಡುತ್ತಾರೆಂದು ಆಕೆ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದಳು. ಅಂದಿನಿಂದ ನಮಸ್ಕಾರವೂ ಬಂದ್.

ಹೆಂಡತಿಯ ಮಾತು ಕೇಳಿದರೆ ಗಂಡಸಿನ ಘನತೆಗೆ ಕುಂದಲ್ಲವೇ? ಗೊಟ್ಲೋಬ್ ಅವರು ಮಹಾಸಾಕ್ಷ್ಯಗ್ರಂಥದ ರಚನೆಗೆ ಕೂತರು. ಒಂಬತ್ತು ದಿನ ಬೇರೆ ಕೆಲಸವಿಲ್ಲ. ಗಿರಣಿಯ ಮುಂಭಾಗ, ಹಿಂಭಾಗ, ತೂಕ, ಅಂಚೆಯ ರಸೀದಿ, ಡಬ್ಬದ ನಾಲ್ಕೂ ಮಗ್ಗುಲಿನ ಫೋಟೋ. ಹೊಸ ಡಬ್ಬಕ್ಕೆ ದುಡ್ಡು ಸುರಿಯುವುದು ಅವರ ವಂಶದಲ್ಲೇ ಇರಲಿಲ್ಲ. ಮನೆಗೆ ಬಂದ ಡಬ್ಬಗಳೆಲ್ಲ ನೆಲಮಾಳಿಗೆಯಲ್ಲಿ ಪುನರ್ಜನ್ಮಕ್ಕೆ ಕಾದಿರುತ್ತಿದ್ದವು. 'ಗಟ್ಟಿಮುಟ್ಟಾದ ಡಬ್ಬ, ಈ ಹಿಂದೆ ನಾಲ್ಕೇ ಬಾರಿ ಬಳಸಿದ್ದು' ಎಂದು ಏಳನೆಯ ಪುಟದಲ್ಲಿ ಹೆಮ್ಮೆಯಿಂದ ಬರೆದರು.

ಹತ್ತನೆಯ ದಿನ ಬೆಳಿಗ್ಗೆ ಅಂಚೆ ಕಚೇರಿಯಿಂದ ಬ್ರಹ್ಮಾಸ್ತ್ರವೇ ಬಂತು: ಪಾರ್ಸೆಲ್ ಪಡೆದವರ ಸಹಿಯ ಪ್ರತಿ.

"ಸಹಿ! ಸಹಿ ಸಿಕ್ತು ಕಣೇ! ಈಗ ಎಲ್ಲಿ ಓಡ್ತಾಳೆ ನೋಡ್ತೀನಿ!" ಎಂದು ಕೂಗಿ, ಅದನ್ನು ಹನ್ನೊಂದನೆಯ ಪುಟವಾಗಿ ಸೇರಿಸಿ, 'ಕಳುಹಿಸು' ಗುಂಡಿ ಒತ್ತಿಯೇಬಿಟ್ಟರು. ಆಮೇಲೆ ಹೆಂಡತಿಯತ್ತ ತಿರುಗಿ, "ಓದು, ಜೋರಾಗಿ ಓದು" ಎಂದರು.

ಹನ್ನೆಲೋರೆ ಕನ್ನಡಕ ಏರಿಸಿದರು. "ಪಡೆದವರು... ಶ್ರೀಮತಿ ಬಾಯರ್ಲೆ, ಎರಡನೇ ಮಹಡಿ... ರೀ, ಇದು ನಮ್ಮ ಬೀದಿ ಕಣ್ರೀ!"

"ಏನು?"

"ಈ ಫೋಟೋ ನೋಡಿ. ಡಬ್ಬದ ಒಂದ್ ಕಡೆ ಆ ಹೂಸುಮ್ ಹೆಂಗಸಿನ ವಿಳಾಸ. ಇನ್ನೊಂದ್ ಕಡೆ ಹಳೇ ಚೀಟಿ ಹಾಗೇ ಇದೆ. ನಮ್ಮನೆ ವಿಳಾಸ! ಅಂಚೆಯೋನು ಅದನ್ನೇ ನೋಡಿ ಇಲ್ಲಿಗೇ ವಾಪಸ್ ತಂದಿದಾನೆ. ಕೀಳೋಕಾಗ್ಲಿಲ್ವಾ?"

"ಕಿತ್ರೆ ಡಬ್ಬ ಹರಿಯುತ್ತೆ ಅಂತ..." ಗೊಟ್ಲೋಬ್ ಅವರ ದನಿ ನೆಲಮಾಳಿಗೆಗೆ ಇಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ತುಳಿಯಬಾರದ ಹೊಸ್ತಿಲನ್ನು ಅಂದೇ ತುಳಿದದ್ದಾಯಿತು. ಡಬ್ಬ ಬಾಯರ್ಲೆಯ ಪಡಸಾಲೆಯಲ್ಲಿ ಹೂಕುಂಡ ಹೊತ್ತು ಕೂತಿತ್ತು.

"ಮೂರು ವಾರದಿಂದ ನೀವು ದಿನಾ ನನ್ನ ಮುಂದೇನೇ ಓಡಾಡ್ತಿದ್ರಿ. ಒಂದ್ ನಮಸ್ಕಾರ ಅಂದಿದ್ರೆ ಆಗ್ಲೇ ಕೊಟ್ಬಿಡ್ತಿದ್ದೆ."

"ನಮಸ್ಕಾರ," ಎಂದರು ಗೊಟ್ಲೋಬ್.

"ಈಗ ಬರೀ ನಮಸ್ಕಾರ ಸಾಲ್ದು. ಈಸ್ಟರ್ ತನಕ ನನ್ನ ಸರದೀನೂ ನಿಮ್ದೇ. ಮೂಲೆ ಸಮೇತ."

ಎರಡು ದಿನಕ್ಕೆ ಕಂಪನಿಯ ಉತ್ತರ ಬಂತು: 'ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ನಾವು ಈವರೆಗೆ ಕಂಡಿಲ್ಲ. ಅದರ ಆಧಾರದ ಮೇಲೆಯೇ ಗಿರಾಕಿಯ ಪರವಾಗಿ ತೀರ್ಮಾನಿಸಿದ್ದೇವೆ. ಪ್ರತಿಯನ್ನು ಅವರಿಗೂ ಕಳುಹಿಸಲಾಗಿದೆ.' ಗೊಟ್ಲೋಬ್ ಅವರು ಜೀವಮಾನದಲ್ಲೇ ಮೊದಲ ಸಲ ಹೊಸ ಡಬ್ಬ ಕೊಂಡು, ಕ್ಷಮಾಪಣೆಯ ಪತ್ರದೊಡನೆ ಗಿರಣಿಯನ್ನು ಹೂಸುಮ್‌ಗೆ ಕಳುಹಿಸಿ, ಒಂದು ನಕ್ಷತ್ರಕ್ಕಾಗಿ ಎದೆ ಗಟ್ಟಿ ಮಾಡಿಕೊಂಡು ಕೂತರು.

ವಾರದ ನಂತರ ಹನ್ನೆಲೋರೆಯೇ ಗಿರಾಕಿಯ ಅಭಿಪ್ರಾಯ ತೆರೆದು ಓದಿದರು. "ಐದು ನಕ್ಷತ್ರ ಕೊಟ್ಟಿದಾಳೆ ರೀ! 'ಇಂಥ ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಕಂಡೇ ಇಲ್ಲ. ತಮ್ಮ ವಿರುದ್ಧ ತಾವೇ ಹನ್ನೊಂದು ಪುಟದ ಸಾಕ್ಷ್ಯ ಒದಗಿಸಿ ನನ್ನನ್ನು ಗೆಲ್ಲಿಸಿದರು. ಏಳನೆಯ ಪುಟವನ್ನು ನಮ್ಮ ಮನೆಮಂದಿಯೆಲ್ಲ ಕೂತು ಓದಿದೆವು.' ನಾನೂರು ಜನ ಮೆಚ್ಚಿದಾರೆ!"

ಗೊಟ್ಲೋಬ್ ಅವರ ಮುಖ ಬೀಟ್‌ರೂಟಿನ ಹಾಗಾಯಿತು. "ಅದನ್ನ ಅಳಿಸೋಕೆ ಬರಲ್ವಾ?"

"ಬರುತ್ತೆ. ಐದು ನಕ್ಷತ್ರನೂ ಹೋಗುತ್ತೆ. ಅಳಿಸ್ಲಾ?"

ಗೊಟ್ಲೋಬ್ ಅವರು ಮೆಟ್ಟಿಲು ಗುಡಿಸಲು ಪೊರಕೆ ಕೈಗೆತ್ತಿಕೊಂಡರು.

"ಬೇಡ, ಇರ್ಲಿ ಬಿಡು," ಎಂದರು.