ಜರ್ಮನಿ ಕಾರಿಗೆ ಜೀಪಿನ ಎಂಜಿನ್

ಗಾಡಿಗಳಿಗೆ ಬೆಲೆ ಕಟ್ಟೋನ ಮರ್ಯಾದೆಗೆ ಮಾತ್ರ ಯಾರೂ ಬೆಲೆ ಕಟ್ಟೋದಿಲ್ಲ. ವಾರಕ್ಕೊಂದಾದರೂ ಪ್ರಸಂಗ ನನ್ನನ್ನೇ ಹುಡುಕಿಕೊಂಡು ಬರುತ್ತೆ. ಚಿತ್ರದುರ್ಗದಲ್ಲಿ ಟೈರ್ ಅಂಗಡಿ ಮೇಲಿನ ಒಂದು ರೂಮು ನನ್ನ ಆಫೀಸು. ಟ್ರ್ಯಾಕ್ಟರು, ಟೆಂಪೊ, ಬೋರ್‌ವೆಲ್ ಲಾರಿ, ಏನೇ ಇರಲಿ, ನೋಡಿ, ತಟ್ಟಿ, ಇಷ್ಟು ಬಾಳುತ್ತೆ ಅಂತ ಬರೆದು ಸೀಲು ಹಾಕೋದು ನನ್ನ ಉದ್ಯೋಗ. ಇಷ್ಟು ವರ್ಷದಲ್ಲಿ ನನ್ನನ್ನ ಅತಿ ಹೆಚ್ಚು ಗೋಳು ಹೊಯ್ದುಕೊಂಡಿದ್ದು ಒಂದೇ ಒಂದು ಗಾಡಿ. ಇವತ್ತು ಅದರದ್ದೇ ಸಮಾಚಾರ.

೧. ರಾಗಿ ತಂದ ಅಜ್ಜಿ

ಹಿರಿಯೂರಲ್ಲಿ ಲೇತ್ ಅಂಗಡಿ ಇಟ್ಟಿರೋ ಒಬ್ಬರು ಫೋನ್ ಮಾಡಿ ಕರೆಸಿಕೊಂಡರು. ಶೆಡ್ಡಿನಲ್ಲಿ ಟಾರ್ಪಾಲು ಸರಿಸಿದರು ನೋಡಿ, ತೆರೆದ ಬಾಯಿ ಮುಚ್ಚೋದು ಮರೆತೆ. ಐವತ್ತು ವರ್ಷಕ್ಕೂ ಹಳೇದಾದ ಜರ್ಮನಿ ಕಾರು. ಮೇಲೆ ತಗಡಿಲ್ಲ, ಬೇಕಾದಾಗ ಮಡಚಿ ಹಿಂದಕ್ಕೆ ಹಾಕೋ ಬಟ್ಟೆ ಟಾಪು. ಕೆನೆ ಬಣ್ಣ, ಮುಖ ನೋಡಿ ತಲೆ ಬಾಚಿಕೊಳ್ಳಬಹುದಾದ ಬಂಪರು, ಕೆಂಪು ಸೀಟು. ಹೊಸದುರ್ಗದ ಹತ್ತಿರ ಸಾಹುಕಾರರೊಬ್ಬರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡ್ತಿದ್ದ ಗಾಡಿಯನ್ನ ಗುಜರಿ ರೇಟಿಗೆ ತಂದು, ಹನ್ನೆರಡು ವರ್ಷ ಕೂತು ರಿಪೇರಿ ಮಾಡಿದ್ದರು. ಟಾಪು, ಸೀಟು, ಬಣ್ಣ ಎಲ್ಲ ತಮ್ಮನ ಕೈಕೆಲಸ. ತಮ್ಮ ಸ್ಕೂಲ್ ಮೇಷ್ಟ್ರು.

"ಮಾರ್ತೀರಾ?" ಅಂದೆ.

"ಥೂ, ಬಿಡ್ತು ಅನ್ರಿ ಸಾರ್! ನಾವು ಅಣ್ಣ ತಮ್ಮ ಬ್ಯಾರೆ ಆಗ್ತಾ ಇದೀವಿ. ನಮ್ಮೂರು ಹರಿಯಬ್ಬೇಲಿರೋ ಹೊಲ, ಮನೆ ಎಲ್ಲಾ ಸಮ ಆತು. ಗಾಡಿಗಳದ್ದು ಬಾಕಿ ಐತೆ. ಬ್ಯಾರೆ ಏನು ಹೋದ್ರೂ ಹೋಗ್ಲಿ, ಇದೊಂದು ನನಗೆ ಬರಬೇಕು. ನೀವು ಬೆಲೆ ಕಮ್ಮಿ ಬರದ್ರೆ ಅವನು ಆಸೆ ಪಡಲ್ಲ."

"ಇದ್ದದ್ದು ಬರೀತೀನಿ," ಅಂದೆ ಗತ್ತಿನಿಂದ. "ಸ್ಟಾರ್ಟ್ ಮಾಡಿ."

ಮಾಡಿದರು. ಶೆಡ್ಡಿನ ತಗಡೆಲ್ಲ ನಡುಗಿತು. ಇದರ ಸ್ವಂತ ಎಂಜಿನ್ ಎಂದೋ ಸತ್ತಿತ್ತಂತೆ. ಮನೇಲಿದ್ದ ಹಳೇ ಜೀಪಿನ ಡೀಸೆಲ್ ಎಂಜಿನ್ ಬಿಚ್ಚಿ ಇದರೊಳಗೆ ಕೂರಿಸಿದ್ದರು. ಇಂಥ ಗಾಡಿಗೆ ಎರಡು ಬೆಲೆ: ನಿಂತಾಗ ಒಂದು, ಸ್ಟಾರ್ಟ್ ಆದಾಗ ಇನ್ನೊಂದು.

ಎರಡು ನಿಮಿಷ ಆಗಿರಲಿಲ್ಲ, ಒಂದು ಅಜ್ಜಿ ತಲೆ ಮೇಲೆ ರಾಗಿ ಪುಟ್ಟಿ ಹೊತ್ತುಕೊಂಡು ಶೆಡ್ಡಿನ ಬಾಗಿಲಿಗೆ ಬಂತು. "ಏನಪ್ಪ, ಕರೆಂಟ್ ಇಲ್ದಿದ್ರೂ ಮಿಲ್ಲು ಓಡ್ತಾ ಐತಲ್ಲ! ನಾಕು ಸೇರು ಐತೆ, ನುಣ್ಣಗೆ ಬೀಸ್ಕೊಡು."

ಅಣ್ಣನಿಗೆ ಅವಮಾನ ಆಯ್ತು ಅಂದುಕೊಂಡೆ. ಮನುಷ್ಯ ಖುಷಿಗೆ ತೊಡೆ ತಟ್ಟಿಬಿಟ್ಟ. "ಕೇಳಿದ್ರಾ ಸಾರ್? ಸಾಕ್ಷಿನೇ ನಡಕೊಂಡು ಬಂತು. ಹಿಟ್ಟಿನ ಗಿರಣಿ ರೇಟು ಹಾಕ್ರಿ!"

೨. ಟವೆಲ್ಲಿನೊಳಗಿನ ಕೈ

ತಮ್ಮನೂ ಸುಮ್ಮನೆ ಕೂರೋ ಆಸಾಮಿ ಅಲ್ಲ. ಅಣ್ಣ ಗುಟ್ಟಾಗಿ ನನ್ನನ್ನ ಕರೆಸಿದ್ದು ಗೊತ್ತಾಗಿ, ಅವನೂ ಹೊಸದುರ್ಗದಿಂದ ಒಬ್ಬ ದಲ್ಲಾಳಿಯನ್ನ ಕರಕೊಂಡು ಬಂದ. ಎತ್ತೂ ಮಾರಿಸ್ತಾನೆ, ಹಳೇ ಟ್ರ್ಯಾಕ್ಟರೂ ಮಾರಿಸ್ತಾನೆ. ಎರಡನ್ನೂ ನೋಡೋ ರೀತಿ ಒಂದೇ. ಕಾರಿಗೆ ಮೂರು ಸುತ್ತು ಹಾಕಿದ. ಬಗ್ಗಿ ಹೊಟ್ಟೆ ಕೆಳಗೆ ನೋಡಿದ. ಎತ್ತಿನ ಮೈಮೇಲಿನ ಸುಳಿ ಹುಡುಕೋ ಹಾಗೆ ಬಾನೆಟ್ ಮೇಲೆ ಕೈಯಾಡಿಸಿ, "ಸುಳಿ ಚೆನ್ನಾಗೈತೆ," ಅಂದ. ಏನು ಕಂಡಿತೋ ಆ ಪುಣ್ಯಾತ್ಮನಿಗೆ.

ಆಮೇಲೆ ನನ್ನ ಹತ್ತಿರ ಬಂದು, ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹೊದಿಸಿ, ಒಳಗಿಂದ ನನ್ನ ಎರಡು ಬೆರಳು ಹಿಡಿದು ಅದುಮಿದ. ಪರಿಚಯ ಮಾಡಿಕೊಳ್ಳೋ ರೀತಿ ಇರಬೇಕು, ಪಾಪ, ಹಳ್ಳಿ ಕಡೆಯವರು ಅಂದುಕೊಂಡು ನಾನೂ ಅವನ ಇಡೀ ಅಂಗೈ ಹಿಡಿದು ಪ್ರೀತಿಯಿಂದ ಗಟ್ಟಿಯಾಗಿ ಅದುಮಿದೆ.

ಅವನು ಹೌಹಾರಿ ಕೈ ಕಿತ್ತುಕೊಂಡ. "ಅಬ್ಬಬ್ಬಾ! ಐದಾ?"

ದನದ ವ್ಯಾಪಾರದಲ್ಲಿ ಸುತ್ತಲಿನವರಿಗೆ ಗೊತ್ತಾಗದ ಹಾಗೆ ಟವೆಲ್ ಒಳಗೆ ಬೆರಳು ಹಿಡಿದೇ ರೇಟು ಹೇಳೋದಂತೆ. ಅವನು ಎರಡು ಲಕ್ಷ ಅಂದಿದ್ದ. ನಾನು ಐದು ಅಂದಿದ್ದೆ. ಸಂಜೆಯೊಳಗೆ ಹೊಸದುರ್ಗಕ್ಕೆಲ್ಲ ಸುದ್ದಿ: ದುರ್ಗದ ಸಾಹೇಬರೇ ಐದು ಅಂದರಂತೆ.

ಅಣ್ಣ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು ಉಸಿರು ಬಿಡುತ್ತಾ ನಿಂತರು. "ಸಾರ್, ಬೆಲೆ ಕಮ್ಮಿ ಮಾಡದಿದ್ರೆ ಹೋಗ್ಲಿ. ಕೈಯಾದ್ರೂ ಜೇಬಲ್ಲಿ ಇಟ್ಕಳಕ್ಕಾಗಲ್ವೇನ್ರಿ?"

೩. ಹೊಳಲ್ಕೆರೆಯ ಫೋಟೊ

ಇಷ್ಟು ಹೊತ್ತಿಗೆ ಕಾರು ನೋಡೋಕೆ ಜನ ಬರೋದು ಶುರುವಾಗಿತ್ತು. ಜನ ಹೊಗಳಿದಷ್ಟೂ ಅಣ್ಣನಿಗೆ ಜೀವ ಪುಕಪುಕ. ತಮ್ಮನ ಸಹೋದ್ಯೋಗಿ ಒಬ್ಬನಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲಿನ ಫೋಟೊ ಈ ಕಾರಲ್ಲೇ ಆಗಬೇಕಂತೆ, ಚಂದ್ರವಳ್ಳಿಯಲ್ಲಿ. ಬಣ್ಣವನ್ನ ಬಿಸಿಲಲ್ಲಿ ನೋಡಬೇಕಿತ್ತು ಅಂತ ನಾನೂ ಹೋದೆ. ಹೋಗಬಾರದಿತ್ತು.

ಗಾಡಿ ಮೆಲ್ಲಗೆ ಓಡುತ್ತಿರಬೇಕು, ಹುಡುಗಿ ನಗುತ್ತಿರಬೇಕು ಅಂತ ಫೋಟೊಗ್ರಾಫರ್ ಹಟ. ಸ್ಟಾರ್ಟ್ ಮಾಡಿದರೆ ಹುಡುಗನ ಕನ್ನಡಕ ಮೂಗಿಂದ ಜಾರಿ ಮಡಿಲಿಗೆ ಬಿತ್ತು. ಹುಡುಗಿ ಜಡೆಯ ಮಲ್ಲಿಗೆ ಒಂದೊಂದಾಗಿ ಉದುರಿತು. "ಎಂಜಿನ್ ಬ್ಯಾಡ್ರಿ, ಹಿಂದಿಂದ ತಳ್ರಿ," ಅಂದ ಫೋಟೊಗ್ರಾಫರ್. ಅಣ್ಣ, ತಮ್ಮ, ನಾನು ಮೂವರೂ ಡಿಕ್ಕಿ ಹಿಂದೆ ಬಗ್ಗಿ ತಳ್ಳಿದೆವು. ಕಾಣೋದಿಲ್ಲ ಅಂತ ಆಣೆ ಮಾಡಿ ಹೇಳಿದ್ದ.

ತಿಂಗಳಾದ ಮೇಲೆ ಹೊಳಲ್ಕೆರೆಯಲ್ಲಿ ಮದುವೆ. ಕಲ್ಯಾಣ ಮಂಟಪದ ಬಾಗಿಲಲ್ಲೇ ಆಳೆತ್ತರದ ಫೋಟೊ. ಕಾರು ಅಪ್ಸರೆ ಹಾಗಿದೆ. ಅದರ ಹಿಂದೆ, ಬಂಪರಿಗಿಂತ ಚೆನ್ನಾಗಿ ಮಿರುಗುತ್ತಾ, ನನ್ನ ಬೋಳುತಲೆ. ಒಬ್ಬರು ಯಜಮಾನರು ಅದನ್ನೇ ದಿಟ್ಟಿಸಿ, ಪಕ್ಕದಲ್ಲಿ ನಿಂತ ನನಗೇ ಹೇಳಿದರು: "ಹುಡುಗಿ ಅಪ್ಪ ಇರಬೇಕು ಕಣ್ರೀ. ಡೀಸೆಲ್ ಹಾಕಿಸೋಕೂ ದುಡ್ಡು ಉಳಿದಿಲ್ಲ ಪಾಪ."

೪. ಪಾಲು

ಕೊನೆಗೆ ಆ ದಿನ ಬಂತು. ಹರಿಯಬ್ಬೆ ಮನೆ ಅಂಗಳದಲ್ಲಿ ಚಾಪೆ ಹಾಸಿ ಊರಿನ ಹಿರಿಯರು ಕೂತರು. ಹಿರಿಯೂರಿಂದ ತಂದ ಕಾರು ಬೇವಿನ ಮರದ ಕೆಳಗೆ. ಅಣ್ಣ ತಮ್ಮಂದಿರ ತಾಯಿ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈ ಪಾಲು ಅವರಿಗೆ ಇಷ್ಟವಿರಲಿಲ್ಲ, ಆದರೆ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ.

ಅಲ್ಲಿನ ಪದ್ಧತಿ ಗೊತ್ತಲ್ಲ: ದೊಡ್ಡವನು ಎರಡು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಅಣ್ಣ ರಾತ್ರಿಯೆಲ್ಲ ಲೆಕ್ಕ ಹಾಕಿ ಬಂದಿದ್ದರು. ಒಂದು ಪಾಲಿಗೆ ಜರ್ಮನಿ ಕಾರು, ಅಷ್ಟೇ. ಇನ್ನೊಂದಕ್ಕೆ ಟ್ರ್ಯಾಕ್ಟರು, ಟ್ರೈಲರು, ಎರಡು ಬೈಕು, ಹಿತ್ತಲಲ್ಲಿ ನಿಂತಿದ್ದ ಜೀಪು, ಅದೂ ಸಾಲದು ಅಂತ ಎರಡು ಹಸು. ಇಷ್ಟು ಸುರಿದರೆ ಯಾವ ಮೇಷ್ಟ್ರು ಬಿಟ್ಟಾನು ಅನ್ನೋ ಧೈರ್ಯ.

ತಮ್ಮ ಆ ಪಟ್ಟಿ ನೋಡಿದ, ಅಣ್ಣನ ಮುಖ ನೋಡಿದ. "ನಮ್ಮಣ್ಣ ಹಸು ಬೇರೆ ಹಾಕವ್ನೆ ಅಂದ್ರೆ ಏನೋ ಐತೆ. ನನಗೆ ಕಾರೇ ಇರಲಿ."

ಅಣ್ಣ ಕುಸಿದು ಕೂತರು. ಕಣ್ಣಲ್ಲಿ ನೀರು.

ಹಿರಿಯರೊಬ್ಬರು, ಎಲ್ಲ ಗಾಡಿಗಳಿಗೂ ಬೆಲೆ ಕಟ್ಟಿ ನಾನು ಸೀಲು ಹಾಕಿ ಕೊಟ್ಟಿದ್ದ ಪಟ್ಟಿಯನ್ನ ಜೋರಾಗಿ ಓದುತ್ತಾ ಬಂದವರು ಗಕ್ಕನೆ ನಿಂತರು. "ಏನಪ್ಪ ಸಾಹೇಬ, ಕಾರಿಗೂ ಜೀಪಿಗೂ ಒಂದೇ ಎಂಜಿನ್ ನಂಬರ್ ಬರದೀಯಲ್ಲ?"

ಕಾರಿನದ್ದನ್ನ ಬಾನೆಟ್ ಎತ್ತಿ ನೋಡಿ ಬರೆದಿದ್ದೆ. ಜೀಪಿನದ್ದನ್ನ, ಯಾರು ಹಿತ್ತಲಿಗೆ ಹೋಗ್ತಾರೆ ಅಂತ, ಕುರ್ಚಿಯಲ್ಲೇ ಕೂತು ಆರ್‌ಸಿ ಬುಕ್ ನೋಡಿ ಇಳಿಸಿದ್ದೆ. ಒಂದೇ ಎಂಜಿನ್ನು ನನ್ನ ಸೀಲಿನ ಸಮೇತ ಎರಡೂ ಪಾಲಿನಲ್ಲಿ ಕೂತಿತ್ತು.

ಅಣ್ಣನಿಗೆ ಎಲ್ಲಿಂದ ಜೀವ ಬಂತೋ, ಎದ್ದು ನಿಂತರು. "ಜೀಪು ನಂದು ಅಂದ್ರೆ ಎಂಜಿನ್ನೂ ನಂದು! ಸ್ಪ್ಯಾನರ್ ತರ್ತೀನಿ ತಡಿ."

"ಕಾರಿನ ಎಂಜಿನ್ ಅಂತ ಬರದೈತೆ, ಮುಟ್ಟು ನೋಡಾಣ!" ತಮ್ಮ ಬಾನೆಟ್ ಮೇಲೆ ಅಡ್ಡ ಬಿದ್ದ. "ಎಂಜಿನ್ ತಗಂಡು ಎದಕ್ಕೆ ಹಾಕ್ತೀಯ, ಆ ತುಕ್ಕು ಹಿಡದ ಜೀಪಿಗಾ?"

"ಎಂಜಿನ್ ಇಲ್ದೆ ನೀನು ಎಲ್ಲಿಗೆ ಹೋಗ್ತೀಯಲೇ?"

"ನೀನೇ ಬರದಿದ್ದು, ನೀನೇ ಹೇಳಪ್ಪ," ಅಂತ ಹಿರಿಯರೆಲ್ಲ ನನ್ನ ಕಡೆ ತಿರುಗಿದರು. ಬೆವರು ಒರೆಸಿಕೊಂಡೆ.

ಆಗ ತಾಯಿ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ನಿಧಾನವಾಗಿ ಎದ್ದು ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ, ಕಾರಿನ ಕೀಲಿಕೈ ತೆಗೆದು ನನ್ನ ಮುಂದೆ ಹಿಡಿದರು. ಯಾವಾಗ ಎತ್ತಿಟ್ಟುಕೊಂಡಿದ್ದರೋ ದೇವರಿಗೇ ಗೊತ್ತು.

"ಇದು ಯಾರ ಪಾಲಿಗೆ ಬಂದೈತೆ ಓದಪ್ಪ."

ನಾಲ್ಕೂ ಹಾಳೆ ತಿರುವಿ ಹಾಕಿದೆ. ಟೈರು ಬರೆದಿದ್ದೆ, ಹಾರನ್ ಬರೆದಿದ್ದೆ, ವೈಪರ್ ಕಡ್ಡಿ ಕೂಡ ಬರೆದಿದ್ದೆ.

"ಇದನ್ನ ಬರದಿಲ್ಲ ಅಮ್ಮ."

"ಹಂಗಾದ್ರೆ ನಂದು." ಕೀಲಿಕೈಯನ್ನ ಮತ್ತೆ ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡು ಮಕ್ಕಳ ಕಡೆ ತಿರುಗಿದರು. "ಎಂಜಿನ್ ಇರೋನು, ಬಾಡಿ ಇರೋನು ಇಬ್ರೂ ಒಟ್ಟಿಗೆ ಬಂದು ಕೇಳ್ರಲೇ. ಒಬ್ಬೊಬ್ರೇ ಬಂದ್ರೆ ಬಸ್ಸಿಗೆ ಹೋಗ್ರಿ."