ಮೂವತ್ತೊಂದನೆಯ ಪುಟದ ಅಕ್ಕಿಕಾಳು

ನಮ್ಮ ಸೋದರಮಾವ ಕವಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಪುಸ್ತಕ ಕೇಳುತ್ತಾರೆ. ಪುಸ್ತಕ ಪಡೆದವರ ಗತಿ ನನಗೆ ಗೊತ್ತು! ರಾಯಚೂರಿನಲ್ಲಿ ಇಬ್ಬರು ಓಡಾಡುವ ದಾರಿ ಬದಲಿಸಿದ್ದಾರೆ, ದೇವದುರ್ಗದಲ್ಲಿ ಒಬ್ಬರು ಮೊಬೈಲ್ ನಂಬರನ್ನೇ ಬದಲಿಸಿದ್ದಾರೆ. ಉಳಿದವರು ಬೇರೆ ದಾರಿ ಕಾಣದೆ ಓದಿದ್ದಾರೆ.

ಮಾವ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಪರೀಕ್ಷಿಸುತ್ತಿದ್ದವರು. ಚೀಲಕ್ಕೆ ಚೂಪು ನಳಿಗೆ ಚುಚ್ಚಿ, ಹಿಡಿ ಭತ್ತ ಹೊರಗೆಳೆದು, ಅಂಗೈಯಲ್ಲಿ ತಿಕ್ಕಿ, ಒಂದು ಕಾಳು ಕಡಿದು, "ಹಸಿ ಅದ, ವಾಪಸ್ ಒಯ್ರಿ" ಎಂದರೆ ಮುಗಿಯಿತು, ಮಾಲೀಕರೂ ಎದುರಾಡುತ್ತಿರಲಿಲ್ಲ. ತಮ್ಮ ಕಣ್ಣಳತೆಯ ಬಗ್ಗೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಅತ್ತೆ ತೀರಿಕೊಂಡ ಮೇಲೆ ಒಂದು ವರ್ಷ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಆಮೇಲೆ ಅತ್ತೆಯ ಮೇಲೆಯೇ ಬರೆದ ನಲವತ್ತೆರಡು ಪದ್ಯಗಳನ್ನು ಅಚ್ಚು ಹಾಕಿಸಿ ಸಿಕ್ಕವರಿಗೆಲ್ಲ ಹಂಚಿದರು. ಹಂಚಿ ಸುಮ್ಮನಿದ್ದರೆ ಅವರು ನಮ್ಮ ಮಾವ ಹೇಗಾದಾರು? ಸರಿಯಾಗಿ ಎಂಟನೆಯ ದಿನ ಅಭಿಪ್ರಾಯ ಕೇಳಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಬಾಯಿಮಾತನ್ನು ನಂಬುವ ಮನುಷ್ಯರೂ ಅಲ್ಲ. ಯಾರಿಗೇ ಆಗಲಿ, ಪುಸ್ತಕ ಕೊಡುವ ಮೊದಲೇ ಮೂವತ್ತೊಂದನೆಯ ಪುಟದ ಸಂದಿಯಲ್ಲಿ ಒಂದು ಅಕ್ಕಿಕಾಳು ಇಟ್ಟಿರುತ್ತಿದ್ದರು. ಎಂಟನೆಯ ದಿನ ಮೆಲ್ಲಗೆ ಬಿಡಿಸಿ ನೋಡುವುದು. ಕಾಳು ಇದ್ದಲ್ಲೇ ಇದ್ದರೆ ಓದಿಲ್ಲ ಎಂದೇ ಅರ್ಥ!

ರಾಯಚೂರಿನಲ್ಲಿ ನನಗೆ ಪಾಠ ಹೇಳಿದ ನಿವೃತ್ತ ಮೇಷ್ಟ್ರೊಬ್ಬರು, "ಅದ್ಭುತ! ವಿರಹ, ವಿಷಾದ, ಅಧ್ಯಾತ್ಮ ಮೂರೂ ಸಂಗಮಿಸಿವೆ" ಎಂದು ಹೊಗಳಿದರು. ಮಾವ ಪುಸ್ತಕ ಬಿಡಿಸಿದರು. ಕಾಳು ಆರಾಮಾಗಿ ಮಲಗಿತ್ತು.

"ಸರ, ಸಂಗಮ ಆಗೋಕಿಂತ ಮೊದಲ ಹಾಳಿ ತಿರುವಬೇಕಲ್ರೀ?"

ದೇವದುರ್ಗದ ನಮ್ಮ ಬೀಗರು ಹತ್ತಿ ವ್ಯಾಪಾರಿ, ಚತುರರು. ಕಾಳಿನ ಗುಟ್ಟು ಎಲ್ಲಿಂದಲೋ ತಿಳಿದುಕೊಂಡು, ಪುಸ್ತಕವನ್ನು ಅಂಗಳದಲ್ಲಿ ಚೆನ್ನಾಗಿ ಝಾಡಿಸಿ ಇಟ್ಟಿದ್ದರು. ಮಾವ ಚಪ್ಪಲಿ ಬಿಡುವ ಮೊದಲೇ, "ಓದೀನ್ರೀ ಬೀಗರ, ನೋಡ್ರಿ ಬೇಕಾದ್ರ, ಕಾಳ ಇಲ್ಲ!" ಎಂದುಬಿಟ್ಟರು.

"ಓದಿದವರು ಪದ್ಯದ ಸುದ್ದಿ ಹೇಳ್ತಾರ್ರೀ, ಕಾಳಿನ ಸುದ್ದಿ ಹೇಳಂಗಿಲ್ಲ" ಎಂದು ಮಾವ ಅವರನ್ನು ಅಲ್ಲೇ ಕೂರಿಸಿ ಓದಿಸಿದರು. ಒಳಗೆ ಹೋಳಿಗೆ ಆರಿ ತಣ್ಣಗಾಯಿತು. ಹಸಿದು ಕೂತಿದ್ದ ನನ್ನ ಕಡೆ ಯಾರೂ ನೋಡಲಿಲ್ಲ.

ನಿಜವಾಗಿ ಓದಿದವರಿಗೆ ಮಾವ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಅದೂ ದನಿ ತಗ್ಗಿಸಿ: "ಇದರಾಗ ಆಕಿ ಕಂಡಳೇನ್ರೀ?" ಅತ್ತೆಯನ್ನು ನೋಡಿಯೇ ಇಲ್ಲದವರು "ಕಂಡ್ರು, ಕಂಡ್ರು" ಎನ್ನುತ್ತಿದ್ದರು. ಮಾವ ಮುಖ ಸಣ್ಣದು ಮಾಡಿಕೊಂಡು ಎದ್ದು ಬರುತ್ತಿದ್ದರು.

"ಚಲೋ ಅದ ಅಂತಾರಲ್ಲ ಮಾಮಾ, ಸಾಕು ಬಿಡ್ರಿ" ಎಂದೆ ಒಮ್ಮೆ.

"ಚಲೋ ಬ್ಯಾಡೋ ನನಗ. ಬರದಿದ್ದು ಖರೇನೂ ಆಕೀನ ಹೌದೋ, ನಾನ ಹುಟ್ಟಿಸಿಕೊಂಡೀನೋ? ಯಾರರ ಒಬ್ಬರು ಹೇಳ್ಲಿ. ಅಲ್ಲೀತನ ಬಿಡಂಗಿಲ್ಲ."

ಹೇಳಿದ್ದು ಮಾನ್ವಿ ಬಜಾರಿನ ಬಳೆ ಅಂಗಡಿಯ ಚಾಚಿ. ಓದು ಬಾರದ ಮುದುಕಿ. ಮೊಮ್ಮಗಳಿಂದ ಎಲ್ಲ ಓದಿಸಿ ಕೇಳಿದ್ದಳು. ಮಾವನನ್ನು ಮೋಟರ್ ಸೈಕಲ್ಲಿನಲ್ಲಿ ಕರೆದೊಯ್ದಿದ್ದವನು ನಾನೇ. ಚಾಚಿ ಕಾಗದದಲ್ಲಿ ಸುತ್ತಿಟ್ಟಿದ್ದ ಅಕ್ಕಿಕಾಳನ್ನು ಮೊದಲು ಹಿಂದಕ್ಕೆ ಕೊಟ್ಟಳು.

"ಎಲ್ಲಾ ಬರೋಬ್ಬರಿ ಅದ ತಮ್ಮಾ. ಬಳಿ ಪದ್ಯ ಒಂದು ಸುಳ್ಳು."

ಆ ಪದ್ಯ ಮೂವತ್ತೊಂದನೆಯ ಪುಟದ್ದೇ! ಪ್ರತಿ ವರ್ಷ ಪಂಚಮಿಗೆ ಮಾವ ಕಣ್ಣಳತೆಯಲ್ಲೇ ಹಸಿರು ಬಳೆ ಒಯ್ಯುತ್ತಿದ್ದುದು, ಅವು ಅತ್ತೆಯ ಕೈಗೆ ಸರಿಯಾಗಿ ಕೂರುತ್ತಿದ್ದುದು. 'ಅಳತೆ ತಪ್ಪಲಿಲ್ಲ ಒಮ್ಮೆಯೂ' ಎಂಬುದು ಅದರ ಕೊನೆಯ ಸಾಲು.

"ಸುಳ್ಳು ಹ್ಯಾಂಗ ಚಾಚಿ?"

"ನೀ ಒಯ್ತಿದ್ದಿದ್ದು ಎರಡು-ನಾಲ್ಕು ಸೈಜು. ಆಕಿ ಕೈಗೆ ಬೇಕಾಗಿದ್ದು ಎರಡು-ಎಂಟು. ಮರುದಿನ ಬಂದು ಬದ್ಲಿ ಮಾಡಿಕೊಂಡು ಹೋಗ್ತಿದ್ಲು, ಪ್ರತಿ ವರ್ಷ! 'ನಮ್ಮ ಮನಿಯವ್ರಿಗೆ ಹೇಳಬ್ಯಾಡ್ರಿ ಚಾಚಿ, ಕಣ್ಣಳತಿ ಮ್ಯಾಲ ಭಾಳ ಅಭಿಮಾನ ಅದ ಅವರಿಗೆ' ಅಂತ ನಗ್ತಿದ್ಲು."

ಮಾವ ಅಂಗಡಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ಜೋರಾಗಿ ನಗತೊಡಗಿದರು. "ಇಪ್ಪತ್ತಾರು ವರ್ಷ! ನನ್ನ ಇಪ್ಪತ್ತಾರು ವರ್ಷ ಆಟ ಆಡಿಸ್ಯಾಳಲ್ಲೋ! ಆಕೀನ ಇಕಿ, ಖರೇ ಆಕೀನ!" ನಗುತ್ತಲೇ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡರು.

ಅಲ್ಲಿಗೆ ಬಿಡುವವರೇ? ಹಂಚಿದ ಪ್ರತಿಯೊಂದು ಪುಸ್ತಕದಲ್ಲೂ ಆ ಸಾಲನ್ನು ಪೆನ್ನಿನಿಂದ ತಿದ್ದಲೇಬೇಕು ಎಂದು ಹಟ ಹಿಡಿದರು. ಮೊದಲ ಮನೆ ನನ್ನದೇ!

ನನ್ನನ್ನು ಮಾತ್ರ ಅವರು ಎಂದೂ ಪರೀಕ್ಷಿಸಿರಲಿಲ್ಲ. ತಂಗಿಯ ಮಗ, ಅತ್ತೆಯ ಕೈತುತ್ತು ತಿಂದು ಬೆಳೆದವನು, ಓದಿಯೇ ಇರುತ್ತಾನೆ ಎಂಬ ನಂಬಿಕೆ. ಮೂವತ್ತೊಂದನೆಯ ಪುಟ ಬಿಡಿಸಿದರು. ಕಾಳು ಟಪ್ಪೆಂದು ಅವರ ತೊಡೆಯ ಮೇಲೆ ಬಿತ್ತು. ಅತ್ತೆ ಇಲ್ಲ ಎಂಬುದನ್ನು ಅಚ್ಚಿನಲ್ಲಿ ನೋಡಲು ನನಗೆ ಧೈರ್ಯವಿರಲಿಲ್ಲ ಎಂದು ಹೇಗೆ ಹೇಳಲಿ?

ಮಾವ ಬೈಯಲಿಲ್ಲ. ಕಾಳನ್ನು ಎತ್ತಿ ಕಿಸೆಯಲ್ಲಿ ಹಾಕಿಕೊಂಡು, ಪೆನ್ನು ನನಗೇ ಕೊಟ್ಟರು.

"ನೀನ ತಿದ್ದು."

ಅವರು ಹೇಳಿದಂತೆ ಹಳೆಯ ಸಾಲು ಹೊಡೆದು, 'ಅಳತೆ ತಪ್ಪುತ್ತಲೇ ಇತ್ತು, ಅವಳು ಹೇಳಲಿಲ್ಲ' ಎಂದು ಬರೆದೆ. ಪದ್ಯವನ್ನು ಮೊದಲಿನಿಂದ ಗಟ್ಟಿಯಾಗಿ ಓದಿಸಿದರು. ಕೊನೆಯ ಸಾಲನ್ನು ನಾನಾಗಿಯೇ ಎರಡು ಸಲ ಓದಿದೆ.

"ಕಂಡಳೇನೋ?" ಎಂದರು ಮಾವ.

"ಕಂಡಳು ಮಾಮಾ" ಎಂದೆ. ಓದದೆ, ನೋಡದೆ 'ಕಂಡ್ರು' ಎಂದ ಅಷ್ಟು ಜನರ ನಡುವೆ ನಾನಾದರೂ ಸುಳ್ಳು ಹೇಳಲಿಲ್ಲ.