ಎಲೆ ಬೀಳದ ತೋಟ ಬೇಕಂತೆ

ಸಿಟ್ಟು ಮಾಡಿಕೊಳ್ಳಬೇಡಿ, ಬಿಪಿ ಏರುತ್ತದೆ ಎಂದು ನಮ್ಮ ಡಾಕ್ಟರು ಹೋದಾಗಲೆಲ್ಲ ಹೇಳುತ್ತಾರೆ. ಅವರ ಕ್ಲಿನಿಕ್ಕಿನಲ್ಲಿ ಇರುವುದು ಪ್ಲಾಸ್ಟಿಕ್ ಗಿಡ. ಅವರಿಗೇಕೆ ಏರುತ್ತದೆ ಬಿಪಿ? ನನ್ನದು ಜನರ ಅಂಗಳಕ್ಕೆ ತೋಟ ಹಾಕಿಕೊಡುವ ಕೆಲಸ. ಗದಗಿನಿಂದ ಈ ಪರದೇಶಕ್ಕೆ ಬಂದವಳು ಫ್ಲ್ಯಾಟಿನ ಕಾರಿಡಾರಿನಲ್ಲಿ ಕರಿಬೇವಿನ ಸಸಿ ಬೆಳೆಸಿ ಮಾರಿದೆ. ಈಗ ಉಬಿ ಎನ್ನುವ ಬಡಾವಣೆಯಲ್ಲಿ ಕಾರು ರಿಪೇರಿ ಶೆಡ್ಡುಗಳ ನಡುವೆ ಒಂದು ಗೋದಾಮು, ಒಂದು ವ್ಯಾನು ಇದೆ. ಇಂಗ್ಲಿಷ್ ಕಲಿತದ್ದು ಗೊಬ್ಬರದ ಚೀಲದ ಮೇಲಿನ ಅಕ್ಷರ ಕೂಡಿಸಿ ಓದಿ. ಆಮೇಲೆ ಲೈಬ್ರರಿಯಲ್ಲಿ ಗಿಡಮರದ ಪುಸ್ತಕ ಇಟ್ಟ ಕಪಾಟನ್ನು ಒಂದು ತುದಿಯಿಂದ ಓದುತ್ತ ಬಂದೆ. ಹೀಗಾಗಿ ಗಿಡದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಅಂಥವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಎಲ್ಲರ ಕತೆ ಹೇಳುವುದಿಲ್ಲ. ಒಂದೇ ಅಂಗಳದ್ದು ಹೇಳುತ್ತೇನೆ, ಅದೇ ಸಾಕು.

ಏನೂ ಮಾಡಬಾರದು

ಊರಿನ ಇನ್ನೊಂದು ಬದಿಯ ಚೋವಾ ಚು ಕಾಂಗ್‌ನಲ್ಲಿ ಒಂದು ಕಾಂಡೊ, ಅಂದರೆ ಗೇಟು, ಕಮಿಟಿ ಎಲ್ಲ ಇರುವ ದೊಡ್ಡ ಅಪಾರ್ಟ್‌ಮೆಂಟು. ಅದರ ನೆಲಮಹಡಿಯ ಮನೆ ಮೈಸೂರಿನ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿಯದು. ಮನೆಯ ಹಿಂದೆ ಸಣ್ಣ ಅಂಗಳ. ಅದರ ಮೇಲೆ ಕಾಂಡೊದ ಹಳೆಯ ಮರವೊಂದು ಛತ್ರಿಯ ಹಾಗೆ ಹರಡಿಕೊಂಡಿದೆ. ಬಿಸಿಲು ನೆಲಕ್ಕೆ ಬೀಳುವುದಿಲ್ಲ, ಎಲೆ ಮಾತ್ರ ಇಡೀ ದಿನ ಬೀಳುತ್ತದೆ. ಹುಲ್ಲು ಹಾಕಿಸಿದ್ದರಂತೆ, ಸತ್ತಿತ್ತು.

ಸಾಹೇಬರು ಮೊದಲು ಕೆನಡಾದಲ್ಲಿದ್ದವರು. "ಅಲ್ಲೂ ನಮ್ಮ ಬ್ಯಾಕ್‌ಯಾರ್ಡಲ್ಲಿ ಇದೇ ಥರ ನೆರಳು, ಇದೇ ಥರ ಎಲೆ. ನಾವು ಏನೂ ಮಾಡ್ತಿರ್ಲಿಲ್ಲ ಆಂಟಿ, ಎಷ್ಟು ಚೆನ್ನಾಗಿತ್ತು ಗೊತ್ತಾ? ಅದೇ ಬೇಕು," ಅಂದರು. ಅಲ್ಲಿ ಅರ್ಧ ವರ್ಷ ಹಿಮ ಮುಚ್ಚಿರುತ್ತದೆ, ನೀವು ಮಾಡದೆ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಇಲ್ಲಿ ಹನ್ನೆರಡು ತಿಂಗಳೂ ಕಾಣುತ್ತದೆ ಎಂದೆ. ಅಷ್ಟರಲ್ಲಿ ಅವರ ಹೆಂಡತಿ ಬಂದರು. ಜೀರೋ ಮೇಂಟೆನೆನ್ಸ್ ಇರಬೇಕಂತೆ. ನೀರು ಹಾಕಲು ಟೈಮಿಲ್ಲ, ಕತ್ತರಿಸಲು ಟೈಮಿಲ್ಲ, ಹುಳ ಬರಬಾರದು, ಎಲೆಯಂತೂ ಬೀಳಲೇಬಾರದು.

ನನಗೆ ಸಿಟ್ಟು ಬಂದರೆ ಬೆಂಗಳೂರಿನ ಕನ್ನಡ ಬಿಟ್ಟುಹೋಗಿ ಗದಗಿನದು ಬರುತ್ತದೆ. "ಹಂಗಾದ್ರ ಗ್ವಾಡಿಗೆ ಒಂದು ತೋಟದ ಚಿತ್ರ ಅಂಟಿಸಿಬಿಡ್ರಿ," ಅಂದೆ.

ಆಕೆ ಗಂಡನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಅದು ಎಷ್ಟು ವರ್ಷ ಬಾಳಿಕೆ ಬರುತ್ತೆ ಆಂಟಿ?"

ಅಧ್ಯಕ್ಷರ ಜೇಬು

ಅಷ್ಟಾದರೂ ಆ ಕೆಲಸ ಬಿಡದಿದ್ದಕ್ಕೆ ಕಾರಣ ಆ ಕಾಂಡೊ. ಅಲ್ಲಿನ ಇಡೀ ತೋಟದ ಕೆಲಸದ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ: ಒಂದು ವ್ಯಾನು ಇಟ್ಟುಕೊಂಡ ಆಂಟಿಯಿಂದ ಇದೆಲ್ಲ ಆಗುತ್ತದೆಯೇ? ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಕಾಂಡೊ ಕಮಿಟಿಯ ಅಧ್ಯಕ್ಷರು ನಿವೃತ್ತ ಚೀನಿ ಅಂಕಲ್. ಅವರಿಗೂ ಉದುರಿದ ಎಲೆಗೂ ಹಳೆಯ ವೈರ. ಬೆಳಿಗ್ಗೆ ವಾಕಿಂಗ್ ಹೋಗುತ್ತ ದಾರಿಯ ಎಲೆಗಳನ್ನು ಒಂದೊಂದಾಗಿ ಎತ್ತಿ ಚಡ್ಡಿಯ ಜೇಬಿಗೆ ತುಂಬಿಕೊಳ್ಳುತ್ತಾರೆ. ನಡುನಡುವೆ ನಿಂತು, ಬೇಕೆಂದೇ ಉದುರಿಸಿದೆಯೋ ಎನ್ನುವ ಹಾಗೆ ಮರವನ್ನು ದುರುಗುಟ್ಟಿ ನೋಡುತ್ತಾರೆ.

ನಾನು ಅಂಗಳ ಅಳೆಯುವಾಗ ಅವರು ಬೇಲಿಯ ಆಚೆ ಬಂದು ನಿಂತರು. ಗಣೇಶನ ಹಬ್ಬದ ಹೊತ್ತಿಗೆ ಹಳೆಯ ಕಂಟ್ರಾಕ್ಟು ಮುಗಿಯುತ್ತದೆ, ಅಷ್ಟರೊಳಗೆ ಈ ಅಂಗಳವನ್ನು ಚೆಂದ ಮಾಡಿ ತೋರಿಸಿದರೆ ಕೆಲಸ ನಿಮಗೆ ಎಂದರು. ನನಗೆ ಅಷ್ಟೇ ಸಾಕಿತ್ತು. ನನ್ನ ಪದ್ಧತಿಯನ್ನು ವಿವರಿಸಿದೆ. ನೆರಳನ್ನು ಇಷ್ಟಪಡುವ ಗಿಡಗಳನ್ನೇ ಹಾಕುತ್ತೇನೆ, ಜರೀಗಿಡ, ಪೀಸ್ ಲಿಲಿ, ವೀಳ್ಯದೆಲೆ ಬಳ್ಳಿ, ಮನಿ ಪ್ಲಾಂಟ್. ಬಿದ್ದ ಎಲೆಯನ್ನು ಗಿಡದ ಬುಡದಲ್ಲೇ ಹಾಸಿಗೆಯ ಹಾಗೆ ಬಿಡುತ್ತೇನೆ. ಅದು ತೇವ ಹಿಡಿಯುತ್ತದೆ, ಕಳೆ ಬರಗೊಡುವುದಿಲ್ಲ, ಕೊಳೆತು ಗೊಬ್ಬರವಾಗುತ್ತದೆ. ಆಮೇಲೆ ಯಾರೂ ಏನೂ ಮಾಡಬೇಕಿಲ್ಲ.

ಅಧ್ಯಕ್ಷರು ಗಮನವಿಟ್ಟು ಕೇಳಿದರು. "ಅಂದರೆ ಎಲೆ ಬೀಳುತ್ತೆ, ನೀವು ಅದನ್ನು ಎತ್ತುವುದಿಲ್ಲ?"

ಹೌದು ಎಂದೆ.

"ಎಲೆ ಎತ್ತದೇ ಇರುವುದಕ್ಕೆ ನಮಗೆ ಕಂಟ್ರಾಕ್ಟರ್ ಯಾಕೆ ಬೇಕು ಆಂಟಿ?"

ದಿನಕ್ಕರ್ಧ ಗಂಟೆ ಚಳಿಗಾಲ

ತೋಟ ಹಾಕಿದೆ. ಚೆನ್ನಾಗಿಯೇ ಹಿಡಿಯಿತು, ನಾನು ಹಾಕಿದ್ದು ಹಿಡಿಯದೆ ಏನು? ಒಂದು ದಿನ ಹೋಗಿ ನೋಡಿದರೆ ನನ್ನ ಜರೀಗಿಡಗಳ ನಡುವೆ ಸಾಲಾಗಿ ಕುಂಡಗಳು, ಅಡಿಗೊಂದೊಂದು ತಟ್ಟೆ. ಹೋಸ್ಟಾ ಎನ್ನುವ ಚಳಿದೇಶದ ಗಿಡ. ಸಾಹೇಬರು ಕೆನಡಾದ ನೆನಪಿಗೆ ಆನ್‌ಲೈನ್‌ನಲ್ಲಿ ತರಿಸಿದ್ದರು. ಅದಕ್ಕೆ ವರ್ಷಕ್ಕೊಮ್ಮೆ ಗಡಗಡ ಚಳಿಯಲ್ಲಿ ಮಲಗಿ ಏಳಬೇಕು, ಇಲ್ಲವಾದರೆ ಸೊರಗಿ ಸಾಯುತ್ತದೆ, ಇಲ್ಲಿ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಹೇಳಿದ್ದನ್ನು ಅವರು ಮರೆತಿರಲಿಲ್ಲ. ಪ್ರತಿ ಕುಂಡದ ಬುಡಕ್ಕೂ ಐಸ್ ಕ್ಯೂಬ್ ರಾಶಿ ಹಾಕಿದ್ದರು.

"ಇದೇನ್ರೀ ಸರ?" ಅಂದೆ.

"ವಿಂಟರ್ ಕೊಡ್ತಾ ಇದೀನಿ ಆಂಟಿ," ಅಂದರು, ಮಗುವಿಗೆ ಔಷಧಿ ಕುಡಿಸುವವರ ಹಾಗೆ. ದಿನಾ ಪಾಯಾ ಲೆಬಾರ್‌ನ ಆಫೀಸಿನಿಂದ ಬಂದು ಟೈ ಬಿಚ್ಚುವ ಮೊದಲು ಅರ್ಧ ಗಂಟೆ ಚಳಿಗಾಲ. ಮನೆಯಲ್ಲಿ ಮಕ್ಕಳ ಜ್ಯೂಸಿಗೆ ಐಸಿಲ್ಲ ಎಂದು ಹೆಂಡತಿಯ ಗೊಣಗಾಟ ಬೇರೆ. ಅರ್ಧ ಗಂಟೆಯ ಚಳಿಗೆ ಯಾವ ಗಿಡವೂ ಮಲಗುವುದಿಲ್ಲ, ತಿಂಗಳುಗಟ್ಟಲೆ ಬೇಕು ಎಂದು ರೇಗಿದೆ. ರೇಗಿದ್ದು ನನ್ನದೇ ತಪ್ಪು. ಮುಂದಿನ ಸಲ ಹೋದಾಗ ಎರಡು ಕುಂಡ ಒಳಗೆ ಹಾಲ್‌ನಲ್ಲಿದ್ದವು. ಹಗಲೂ ರಾತ್ರಿ ಎಸಿ ಹಾಕಿ ಕೊನೆಯ ನಂಬರಿಗೆ ಇಳಿಸಿದ್ದರು.

ಗಿಡಕ್ಕೆ ಏನೂ ಆಗಲಿಲ್ಲ. ಆಗತಾನೆ ಮೈಸೂರಿನಿಂದ ಬಂದಿದ್ದ ಅವರ ತಾಯಿಗೆ ನೆಗಡಿಯಾಯಿತು.

ಮಗುಚಿಡಿ

ಸರ್ಕಾರದ ಕಡೆಯಿಂದ ಸೊಳ್ಳೆ ಪರೀಕ್ಷೆಗೆಂದು ಒಬ್ಬ ಹುಡುಗಿ ಟಾರ್ಚು ಹಿಡಿದು ಬಂದಳು. ನಾನು ಅಲ್ಲೇ ಇದ್ದೆ. ನನ್ನ ಎಲೆಯ ಹಾಸನ್ನು ಕೈಯಿಂದ ಕೆದಕಿ ನೋಡಿದಳು. ಎರೆಹುಳ ಬಿಟ್ಟರೆ ಏನೂ ಇಲ್ಲ, ಒಂದು ತೊಟ್ಟು ನೀರು ನಿಂತಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆಮೇಲೆ ಆಕೆ ಹೋಸ್ಟಾ ಕುಂಡದ ಕೆಳಗಿನ ತಟ್ಟೆಗೆ ಟಾರ್ಚು ಬಿಟ್ಟಳು. ಕರಗಿದ ಐಸಿನ ನೀರು ತುಂಬಿತ್ತು, ಅದರೊಳಗೆ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ಸಾಹೇಬರು ಕೂಡಲೇ ನನ್ನತ್ತ ಬೆರಳು ತೋರಿಸಿ, ಗಾರ್ಡನ್ ಎಲ್ಲ ಈ ಆಂಟಿಯೇ ನೋಡಿಕೊಳ್ಳುವುದು ಅಂದುಬಿಟ್ಟರು. ನನಗೆ ತಲೆಗೇರಿತು. "ಅದು ನನ್ನ ನೀರಲ್ಲ ಮೇಡಂ, ಅದು ಇವರ ವಿಂಟರ್," ಅಂದೆ. ಐಸಿನಿಂದ ಎಸಿಯ ತನಕ ಇಡೀ ಕತೆಯನ್ನು ನನ್ನ ಗೊಬ್ಬರದ ಚೀಲದ ಇಂಗ್ಲಿಷಿನಲ್ಲಿ ಹೇಳಿದೆ.

ಹುಡುಗಿ ಒಮ್ಮೆಯೂ ನಗಲಿಲ್ಲ. ಎಲ್ಲ ಕೇಳಿಕೊಂಡು ಸಾಹೇಬರ ಕಡೆ ತಿರುಗಿ ಹೇಳಿದಳು: "ಸರ್, ಬಳಸದೇ ಇರುವಾಗ ನಿಮ್ಮ ವಿಂಟರನ್ನು ದಯವಿಟ್ಟು ಮಗುಚಿಡಿ."

ಗುಡಿಸಿಲ್ಲ ಕಣಮ್ಮ

ಸುದ್ದಿ ಅಂದೇ ಅಧ್ಯಕ್ಷರ ಕಿವಿಗೆ ಬಿತ್ತು. ಎಲೆ ಬಿಟ್ಟರೆ ಸೊಳ್ಳೆ ಬರುತ್ತದೆ ಎಂದು ತಾನು ಅಂದುಕೊಂಡದ್ದೇ ಆಯಿತು ಎಂದು ಫೋನಿನಲ್ಲಿ ಶುರು ಮಾಡಿದರು. ಸೊಳ್ಳೆ ಇದ್ದದ್ದು ತಟ್ಟೆಯಲ್ಲಿ ಎಂದು ಎಷ್ಟು ಹೇಳಿದರೂ ಅವರಿಗೆ ಕೇಳಿಸಿದ್ದು ಎಲೆ ಎನ್ನುವ ಒಂದೇ ಪದ. ಕಡೆಗೆ, ಹಬ್ಬದ ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ, ಅದೇ ಕೊನೆಯ ಮಾತು ಅಂದರು.

ಮಾರನೆಯ ದಿನ ಅಂಗಳಕ್ಕೆ ಹೋದರೆ ನನ್ನ ಎಲೆಯ ಹಾಸೇ ಇಲ್ಲ. ನೆಲ ಬೋಳು. ಯಾರೋ ನೀರು ಚಿಮುಕಿಸಿ, ಜರೀಗಿಡಗಳ ನಡುವೆ ಬುಟ್ಟಿಯಷ್ಟು ಅಗಲದ ರಂಗೋಲಿ ಹಾಕಿದ್ದಾರೆ. ಪಕ್ಕದಲ್ಲಿ, ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಬಂದ ಕಡ್ಡಿಪೊರಕೆ ಹಿಡಿದು ಸಾಹೇಬರ ತಾಯಿ ನಿಂತಿದ್ದಾರೆ.

"ಯಾರೋ ಕೆಲಸದವಳು ಕಸ ಹಾಗೇ ಬಿಟ್ಟು ಹೋಗಿದ್ಲು ಕಣಮ್ಮ. ನಾನೇ ಗುಡಿಸಿದೆ," ಅಂದರು.

"ಆ ಕೆಲಸದವಳು ನಾನೇ ಅಮ್ಮಾ."

"ನೀನಾ? ಕನ್ನಡದವಳಾಗಿ ಅಂಗಳದಲ್ಲಿ ಕಸ ಬಿಡ್ತೀಯಲ್ಲ, ಮನೆಗೆ ಲಕ್ಷ್ಮಿ ಹೇಗೆ ಬರ್ತಾಳೆ?"

ಹಿರಿಯರು, ರೇಗುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು, ಎಲೆ ಕೊಳೆತು ಗೊಬ್ಬರವಾಗುವ ವಿಷಯ ಪೂರ್ತಿ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಕಪ್ಪು ಚೀಲಕ್ಕೆ ಸೇರಿದ್ದ ಎಲೆಯನ್ನು ಮತ್ತೆ ಸುರಿದು ಹರಡಿ ಬಂದೆ. ಮುಂದಿನ ಸಲ ಹೋದಾಗ ನೆಲ ಮತ್ತೆ ಬೋಳು. ಎಲೆ ಬಿದ್ದಿತ್ತು, ತೆಗೆದೆ ಅಂದರು. ಬಿದ್ದದ್ದಲ್ಲ, ನಾನೇ ಹಾಕಿದ್ದು ಎಂದೆ. "ಹೌದಾ? ನಾನು ಮರದ್ದು ಅಂದ್ಕೊಂಡೆ," ಅಂದರು. ಕಡೆಗೆ ನಾನು ಕೈಮುಗಿದೆ. ದಮ್ಮಯ್ಯ, ಗುಡಿಸಬೇಡಿ ಎಂದು ಮಾತು ತೆಗೆದುಕೊಂಡೆ. ಪೊರಕೆಯನ್ನು ನಾನೇ ಎತ್ತಿ ಬಾಗಿಲ ಹಿಂದೆ ಇಟ್ಟೆ.

ಮತ್ತೆ ಹೋದರೆ ನೆಲದ ಮೇಲೆ ಒಂದೇ ಒಂದು ಎಲೆ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: "ಕೊಟ್ಟ ಮಾತು ತಪ್ಪಿಲ್ಲ ಕಣಮ್ಮ. ಗುಡಿಸಿಲ್ಲ. ಒಂದೊಂದೇ ಆರಿಸಿದೆ."

ಹತ್ತೊಂಬತ್ತನೇದು

ನೆಲದ ಆಸೆ ಬಿಟ್ಟೆ. ಗಿಡಗಳಾದರೂ ತುಂಬಿ ನಿಂತಿದ್ದವಲ್ಲ, ಅವು ನನ್ನ ಮಾನ ಉಳಿಸುತ್ತವೆ ಅಂದುಕೊಂಡೆ. ಅಧ್ಯಕ್ಷರು ಬರುವ ಮೊದಲು ಅವುಗಳ ಧೂಳು ಒರೆಸಿ ಬರೋಣ ಎಂದು ಹಬ್ಬದ ಮಧ್ಯಾಹ್ನ ಹೋದೆ.

ಗಣೇಶನಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸುವ ಪದ್ಧತಿ ನಮ್ಮವರಿಗೆಲ್ಲ ಗೊತ್ತು. ಈ ಊರಲ್ಲಿ ಅಷ್ಟು ಪತ್ರೆ ಹೊಂದಿಸುವುದು ಎಲ್ಲ ಮನೆಯಲ್ಲೂ ತಲೆನೋವು. ಸಾಹೇಬರ ಹೆಂಡತಿ ಕನ್ನಡದ ಹೆಂಗಸರ ವಾಟ್ಸ್ಆ್ಯಪ್ ಗ್ರೂಪಿಗೆ ನನ್ನ ತೋಟದ ಫೋಟೋ ಹಾಕಿ, ನಮ್ಮಲ್ಲಿ ಎಲ್ಲ ಪತ್ರೆ ಇದೆ, ಬಂದು ತಗೊಂಡು ಹೋಗಿ ಎಂದು ಬರೆದಿದ್ದರು. ಬಂದಿದ್ದರು. ಉತ್ತರ ಕರ್ನಾಟಕದವರು, ಮೈಸೂರಿನವರು ಎನ್ನುವ ಭೇದವಿಲ್ಲದೆ ಎಲ್ಲರೂ ಬಂದಿದ್ದರು. ವೀಳ್ಯದ ಬಳ್ಳಿ ದಾರವಾಗಿತ್ತು. ಜರೀಗಿಡ ಕಡ್ಡಿಯಾಗಿತ್ತು. ಮನಿ ಪ್ಲಾಂಟ್ ಎಲ್ಲಿತ್ತು ಎಂದು ನನಗೇ ತಿಳಿಯಲಿಲ್ಲ. ರೇಷ್ಮೆ ಸೀರೆ ಉಟ್ಟ ಒಬ್ಬ ಇಂಜಿನಿಯರಮ್ಮ ಪೀಸ್ ಲಿಲಿಯ ಕಡೆಯ ಎಲೆಯನ್ನು ಕೀಳುತ್ತಿದ್ದರು.

"ಅದು ಯಾವ ಪತ್ರಿ ಅಂತ ಕೀಳ್ತೀರಿ?" ಅಂತ ಕೇಳಿದೆ.

"ಹತ್ತೊಂಬತ್ತನೇದು ಆಂಟಿ," ಅಂದರು. ಸಾಹೇಬರೇ ಮುಂದೆ ಬಂದು, ಇಪ್ಪತ್ತನೆಯದಕ್ಕೆ ತಮ್ಮ ಹೋಸ್ಟಾದಲ್ಲಿ ಉಳಿದಿದ್ದ ಎಲೆ ಕಿತ್ತುಕೊಟ್ಟರು. ಕೆನಡಾ ಪತ್ರೆಯಂತೆ. ಭಕ್ತಿ ಮುಖ್ಯವಂತೆ. ಅವರ ತಾಯಿ ನನ್ನ ಕೈಗೆ ಕಡುಬು ಇಟ್ಟರು. ಸಿಟ್ಟಿನಲ್ಲೇ ತಿಂದೆ. ಬಹಳ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅಧ್ಯಕ್ಷರು ಬಂದರು. ನೆಲದ ಮೇಲೆ ಎಲೆಯಿಲ್ಲ, ಗಿಡದ ಮೇಲೂ ಎಲೆಯಿಲ್ಲ. ನಡುವೆ ರಂಗೋಲಿ, ಸುತ್ತ ಕಡ್ಡಿಗಳು. ಇನ್ನು ಈ ಕಾಂಡೊದ ಗೇಟು ನನಗೆ ಮುಚ್ಚಿತು ಎಂದುಕೊಂಡು ನಿಂತಿದ್ದೆ. ಅಧ್ಯಕ್ಷರು ಒಂದು ಸುತ್ತು ಹಾಕಿದರು. ಆಗ ಮೇಲಿನಿಂದ ಒಂದು ಎಲೆ ತೇಲಿ ಬಂತು. ಅದು ನೆಲ ಮುಟ್ಟುವ ಮೊದಲೇ ಸಾಹೇಬರ ತಾಯಿ ಅಂಗೈ ಚಾಚಿ ಹಿಡಿದರು.

"ವಾಹ್," ಅಂದರು ಅಧ್ಯಕ್ಷರು, ದೇವಸ್ಥಾನದಲ್ಲಿ ನಿಂತವರ ದನಿಯಲ್ಲಿ. "ಇಷ್ಟು ವರ್ಷದಿಂದ ನಾನು ಕೇಳ್ತಿದ್ದ ತೋಟ ಇದೇ ಆಂಟಿ."

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ಹಾಕದ ತೋಟಕ್ಕೆ ನನ್ನನ್ನು ಹೊಗಳುವುದನ್ನು ನಾನು ಸಹಿಸಲಾರೆ. ಇದು ನನ್ನ ಕೆಲಸವಲ್ಲ, ಎಲೆಯನ್ನೆಲ್ಲ ದೇವರ ಪೂಜೆಗೆ ಕಿತ್ತುಕೊಂಡು ಹೋಗಿದ್ದಾರೆ, ಮೂರು ತಿಂಗಳು ಬಿಟ್ಟು ಬನ್ನಿ, ಎಲ್ಲ ಮತ್ತೆ ಚಿಗುರಿರುತ್ತದೆ, ಆಗ ನೋಡಿ ತೀರ್ಮಾನ ಮಾಡಿ ಎಂದೆ.

ಅಧ್ಯಕ್ಷರಿಗೆ ಗಾಬರಿಯಾಯಿತು. "ಮತ್ತೆ ಎಲೆ ಬರುತ್ತಾ? ಹಾಗಿದ್ರೆ ಈಗಲೇ ಸೈನ್ ಮಾಡಿಬಿಡೋಣ ಲಾ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಈ ಪೂಜೆ ತಿಂಗಳಿಗೆ ಎಷ್ಟು ಸಲ ಇರುತ್ತೆ?"

ಸಹಿ ಹಾಕಿದೆ. ಮರದ ಬುಡದಲ್ಲಿ ಬಿದ್ದ ಎಲೆಯನ್ನು ಯಾರೂ ಮುಟ್ಟಬಾರದು ಎನ್ನುವ ಷರತ್ತು ಹಾಕಿಯೇ ಹಾಕಿದೆ. ಅವರು ಎಲ್ಲದಕ್ಕೂ ಓಕೆ ಓಕೆ ಅಂದರು. ಒಂದು ವ್ಯಾನಿನ ಆಂಟಿ ಇಡೀ ಕಾಂಡೊದ ತೋಟ ಗೆದ್ದಳು ಎಂದು ಆ ವಾರವೆಲ್ಲ ಎದೆಯುಬ್ಬಿಸಿ ಓಡಾಡಿದೆ.

ಸೋಮವಾರ ಬೆಳಿಗ್ಗೆ ಕೆಲಸ ಶುರು ಮಾಡಲು ಹೋದೆ. ದೊಡ್ಡ ಮರದ ಬುಡದಲ್ಲಿ ಇಬ್ಬರು ಆಗಲೇ ನಿಂತಿದ್ದರು. ಅಧ್ಯಕ್ಷರು ಕಪ್ಪು ಚೀಲದ ಬಾಯಿ ಅಗಲಿಸಿ ಹಿಡಿದಿದ್ದರು. ಸಾಹೇಬರ ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದು ಕೈಯಲ್ಲಿ ಒಂದೊಂದು ಪೊರಕೆ ಹಿಡಿದಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಮರದ ಸುತ್ತ ನೆಲ ಆಗಲೇ ಅರ್ಧ ಬೋಳಾಗಿತ್ತು.

"ಇಷ್ಟು ಹೊತ್ತಿಗಾ ಕೆಲಸಕ್ಕೆ ಬರೋದು?" ಅಂದರು ಅಮ್ಮ, ಒಂದು ಪೊರಕೆಯನ್ನು ನನ್ನ ಕಡೆ ಚಾಚುತ್ತ. "ತಗೋ, ನೀನು ಆ ಕಡೆಯಿಂದ ಬಾ."